ವಿಡಿಯೊ ಗೇಮ್ ಕನ್ಸೋಲ್ ಪೀಳಿಗೆಗಳ ಅವಧಿ

ವಿಡಿಯೊ ಗೇಮ್ ಕನ್ಸೋಲ್ ಪೀಳಿಗೆ ಎಂದರೆ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಮಾರುಕಟ್ಟೆಗೆ ಬಂದು, ತಂತ್ರಜ್ಞಾನದಲ್ಲಿ ಒಂದೇ ಮಟ್ಟದಲ್ಲಿದ್ದು, ಪರಸ್ಪರ ಪೈಪೋಟಿ ನಡೆಸುವ ಆಟದ ಯಂತ್ರಗಳ ಗುಂಪು. ಟಿ.ವಿ.ಗೆ ಜೋಡಿಸಿ, ಕೈಯಲ್ಲಿ ಹಿಡಿಯುವ ನಿಯಂತ್ರಕದ ಮೂಲಕ ಆಡುವ ಇಂಥ ಯಂತ್ರವನ್ನು ಕನ್ಸೋಲ್ ಎಂದು ಕರೆಯಲಾಗುತ್ತದೆ. 1972ರಿಂದ ಇಂದಿನವರೆಗೆ ಒಂಬತ್ತು ಪೀಳಿಗೆಗಳನ್ನು ಗುರುತಿಸಲಾಗಿದೆ. ಒಂದು ಪೀಳಿಗೆ ಎಷ್ಟು ವರ್ಷ ಬಾಳಬೇಕು ಎಂಬುದಕ್ಕೆ ಯಾವುದೇ ನಿಯಮವಿಲ್ಲ. ಚಿಪ್ಪುಗಳ ಬೆಲೆ, ತಯಾರಕರ ಲಾಭನಷ್ಟ, ಆಟಗಳನ್ನು ಸಿದ್ಧಪಡಿಸಲು ತಗಲುವ ಕಾಲ ಹಾಗೂ ಕೊಳ್ಳುವವರ ಶಕ್ತಿ ಇವೆಲ್ಲವೂ ಸೇರಿ ಅವಧಿಯನ್ನು ನಿರ್ಧರಿಸುತ್ತವೆ. ತಯಾರಕರ ಲೆಕ್ಕದಲ್ಲಿ ಮುಗಿದುಹೋದ ಪೀಳಿಗೆಯೊಂದು ಬಳಸುವವರ ಮನೆಯಲ್ಲಿ ಇನ್ನೂ ಹಲವು ವರ್ಷ ಬದುಕಿರುವುದು ಸಾಮಾನ್ಯ. ಭಾರತದಲ್ಲಿ ಈ ಅಂತರ ಎದ್ದು ಕಾಣುತ್ತದೆ.

ಪರಿಭಾಷೆ ಮತ್ತು ಎಣಿಕೆ

ಪೀಳಿಗೆ ಎಂಬ ಪದಕ್ಕೆ ಇಲ್ಲಿ ಮನುಷ್ಯರ ತಲೆಮಾರಿನ ಅರ್ಥವಿಲ್ಲ. ಒಂದು ಯಂತ್ರದ ಸ್ಥಾನವನ್ನು ಅದರ ಉತ್ತರಾಧಿಕಾರಿ ಯಂತ್ರವು ತುಂಬುವ ಕ್ರಮವನ್ನು ಈ ಪದ ಸೂಚಿಸುತ್ತದೆ. ಪೀಳಿಗೆಯ ಅವಧಿಯನ್ನು ಎರಡು ಬಗೆಯಲ್ಲಿ ಎಣಿಸಬಹುದು. ಮೊದಲನೆಯದು, ಒಂದು ಪೀಳಿಗೆಯ ಆರಂಭದಿಂದ ಮುಂದಿನ ಪೀಳಿಗೆಯ ಆರಂಭದವರೆಗಿನ ಕಾಲ. ಎರಡನೆಯದು, ಒಂದು ಯಂತ್ರದ ಬಿಡುಗಡೆಯಿಂದ ಅದರ ತಯಾರಿಕೆ ನಿಲ್ಲುವವರೆಗಿನ ಕಾಲ, ಅಂದರೆ ಅದರ ಆಯುಸ್ಸು. ಎರಡೂ ಒಂದೇ ಆಗಿರುವುದಿಲ್ಲ. ಉದಾಹರಣೆಗೆ, ನಿಂಟೆಂಡೊ ಸಂಸ್ಥೆಯ ಫ್ಯಾಮಿಕಾಮ್ 1983ರಲ್ಲಿ ಬಿಡುಗಡೆಯಾಯಿತು. 1990ರಲ್ಲಿ ಅದರ ಉತ್ತರಾಧಿಕಾರಿ ಬಂದಿತು. ಆದರೆ ಜಪಾನಿನಲ್ಲಿ ಅದರ ತಯಾರಿಕೆ ನಿಂತದ್ದು 2003ರಲ್ಲಿ. ಅಂದರೆ ಉತ್ತರಾಧಿಕಾರಿ ಬರುವವರೆಗೆ 7 ವರ್ಷ, ಆಯುಸ್ಸು 20 ವರ್ಷ.

ಪೀಳಿಗೆಗಳ ಕಾಲಾನುಕ್ರಮ

ಮೊದಲ ಪೀಳಿಗೆ (1972ರಿಂದ): ರಾಲ್ಫ್ ಬೇರ್ ಅವರ ಕಲ್ಪನೆಯಿಂದ ರೂಪುಗೊಂಡ ಮ್ಯಾಗ್ನವಾಕ್ಸ್ ಒಡಿಸ್ಸಿ. ಇದರಲ್ಲಿ ಮೈಕ್ರೊಪ್ರೊಸೆಸರ್ ಇರಲಿಲ್ಲ.

ಎರಡನೆಯ ಪೀಳಿಗೆ (1976ರಿಂದ): ಫೇರ್‌ಚೈಲ್ಡ್ ಚಾನೆಲ್ ಎಫ್, ಅಟಾರಿ 2600. ಆಟಗಳನ್ನು ಬದಲಿಸಬಹುದಾದ ಕಾರ್ಟ್ರಿಜ್‌ಗಳು ಬಂದವು.

ಮೂರನೆಯ ಪೀಳಿಗೆ (1983ರಿಂದ): ಫ್ಯಾಮಿಕಾಮ್, ಸೆಗಾ ಎಸ್‌ಜಿ-1000.

ನಾಲ್ಕನೆಯ ಪೀಳಿಗೆ (1987ರಿಂದ): ಪಿಸಿ ಎಂಜಿನ್, ಸೆಗಾ ಮೆಗಾ ಡ್ರೈವ್, ಸೂಪರ್ ಫ್ಯಾಮಿಕಾಮ್.

ಐದನೆಯ ಪೀಳಿಗೆ (1993ರಿಂದ): 3ಡಿಒ, ಸೆಗಾ ಸ್ಯಾಟರ್ನ್, ಪ್ಲೇಸ್ಟೇಷನ್, ನಿಂಟೆಂಡೊ 64.

ಆರನೆಯ ಪೀಳಿಗೆ (1998ರಿಂದ): ಡ್ರೀಮ್‌ಕಾಸ್ಟ್, ಪ್ಲೇಸ್ಟೇಷನ್ 2, ಗೇಮ್‌ಕ್ಯೂಬ್, ಎಕ್ಸ್‌ಬಾಕ್ಸ್.

ಏಳನೆಯ ಪೀಳಿಗೆ (2005ರಿಂದ): ಎಕ್ಸ್‌ಬಾಕ್ಸ್ 360, ಪ್ಲೇಸ್ಟೇಷನ್ 3, ವೀ.

ಎಂಟನೆಯ ಪೀಳಿಗೆ (2012ರಿಂದ): ವೀ ಯು, ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್.

ಒಂಬತ್ತನೆಯ ಪೀಳಿಗೆ (2020ರಿಂದ): ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಸೀರೀಸ್ ಎಸ್.

1972ರಿಂದ 2020ರವರೆಗಿನ 48 ವರ್ಷಗಳಲ್ಲಿ ಎಂಟು ಬಾರಿ ಪೀಳಿಗೆ ಬದಲಾಗಿದೆ. ಅಂದರೆ ಸರಾಸರಿ 6 ವರ್ಷ. ಆದರೆ ಬಿಡಿಬಿಡಿಯಾಗಿ ನೋಡಿದರೆ ಈ ಅಂತರಗಳು ಕ್ರಮವಾಗಿ 4, 7, 4, 6, 5, 7, 7 ಮತ್ತು 8 ವರ್ಷಗಳಾಗಿವೆ. ಸರಾಸರಿಗೆ ಸರಿಹೊಂದುವ ಅಂತರ ಒಂದೇ ಒಂದು. ಕೊನೆಯ ಮೂರು ಅಂತರಗಳು ಸರಾಸರಿಗಿಂತ ದೀರ್ಘವಾಗಿವೆ ಎಂಬುದು ಗಮನಾರ್ಹ. 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್ ಈ ಎಣಿಕೆಗೆ ಸುಲಭವಾಗಿ ಒಗ್ಗುವುದಿಲ್ಲ. ಕಾಲದಿಂದ ಅದು ಎಂಟನೆಯ ಪೀಳಿಗೆಗೆ ಸೇರಿದರೂ, ಒಂಬತ್ತನೆಯ ಪೀಳಿಗೆಯ ಯಂತ್ರಗಳೊಂದಿಗೂ ವರ್ಷಗಟ್ಟಲೆ ಪೈಪೋಟಿ ನಡೆಸಿತು. ಅದರ ಉತ್ತರಾಧಿಕಾರಿಯಾದ ಸ್ವಿಚ್ 2 ಬಿಡುಗಡೆಯಾದದ್ದು 2025ರ ಜೂನ್ 5ರಂದು, ಅಂದರೆ 8 ವರ್ಷಗಳ ನಂತರ.

ಅವಧಿಯನ್ನು ನಿರ್ಧರಿಸುವ ಅಂಶಗಳು

ತಂತ್ರಜ್ಞಾನ: ಮೊದಲ ದಶಕಗಳಲ್ಲಿ ಪ್ರತಿ ಪೀಳಿಗೆಯೂ ಕಣ್ಣಿಗೆ ಕಾಣುವಂಥ ಬದಲಾವಣೆಯನ್ನು ತಂದಿತು. ಚುಕ್ಕೆಗಳಿಂದ ಚಿತ್ರಗಳಿಗೆ, ಚಪ್ಪಟೆ ಚಿತ್ರಗಳಿಂದ ಮೂರು ಆಯಾಮಗಳಿಗೆ, ಕಾರ್ಟ್ರಿಜ್‌ನಿಂದ ಸಿ.ಡಿ.ಗೆ ಸಾಗಿದ ಹೆಜ್ಜೆಗಳನ್ನು ಯಾರಾದರೂ ಗುರುತಿಸಬಹುದಾಗಿತ್ತು. ಇತ್ತೀಚಿನ ಪೀಳಿಗೆಗಳಲ್ಲಿ ವ್ಯತ್ಯಾಸವು ಬೆಳಕಿನ ಪ್ರತಿಫಲನ, ಚಿತ್ರದ ಸ್ಪಷ್ಟತೆ, ಆಟವು ತೆರೆದುಕೊಳ್ಳುವ ವೇಗ ಮುಂತಾದ ಸೂಕ್ಷ್ಮ ಅಂಶಗಳಲ್ಲಿದೆ. ಅಲ್ಲದೆ ಮೊದಲು ಚಿಪ್ಪುಗಳು ಚಿಕ್ಕದಾದಂತೆಲ್ಲ ಅಗ್ಗವಾಗುತ್ತಿದ್ದವು, ಈಗ ಹಾಗಾಗುತ್ತಿಲ್ಲ.

ವ್ಯವಹಾರ: ಅನೇಕ ಕನ್ಸೋಲ್‌ಗಳು ಆರಂಭದಲ್ಲಿ ತಯಾರಿಕಾ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರಾಟವಾಗುತ್ತವೆ. ಆ ನಷ್ಟವನ್ನು ಆಟಗಳ ಮಾರಾಟದಿಂದ ತುಂಬಿಕೊಳ್ಳಲು ತಯಾರಕರಿಗೆ ಹಲವು ವರ್ಷಗಳು ಬೇಕು. ಆದ್ದರಿಂದ ಚೆನ್ನಾಗಿ ಮಾರಾಟವಾಗುವ ಯಂತ್ರವನ್ನು ದೀರ್ಘಕಾಲ ಉಳಿಸಿಕೊಳ್ಳುವುದೂ, ಸೋತ ಯಂತ್ರವನ್ನು ಬೇಗ ಕೈಬಿಡುವುದೂ ರೂಢಿ. 15 ಕೋಟಿಗೂ ಹೆಚ್ಚು ಮಾರಾಟವಾದ ಪ್ಲೇಸ್ಟೇಷನ್ 2ರ ತಯಾರಿಕೆ ಸುಮಾರು 13 ವರ್ಷ ನಡೆಯಿತು. ಸುಮಾರು 1.35 ಕೋಟಿ ಮಾತ್ರ ಮಾರಾಟವಾದ ವೀ ಯು ನಾಲ್ಕು ವರ್ಷ ಕಳೆಯುತ್ತಿದ್ದಂತೆ ನಿಂತುಹೋಯಿತು.

ಆಟಗಳ ತಯಾರಿ: ಯಂತ್ರದ ಶಕ್ತಿ ಹೆಚ್ಚಿದಂತೆ ಆಟದ ಪ್ರತಿಯೊಂದು ಗೋಡೆ, ಮರ, ಮುಖವನ್ನೂ ಹೆಚ್ಚು ವಿವರವಾಗಿ ರಚಿಸಬೇಕಾಗುತ್ತದೆ. 2020ರಲ್ಲಿ ಬಂದ ದಿ ಲಾಸ್ಟ್ ಆಫ್ ಅಸ್ ಭಾಗ 2ರ ವೆಚ್ಚ ಸುಮಾರು 22 ಕೋಟಿ ಡಾಲರ್ ಎಂಬುದು 2023ರಲ್ಲಿ ಅಮೆರಿಕದ ನ್ಯಾಯಾಲಯಕ್ಕೆ ಸಲ್ಲಿಕೆಯಾದ ದಾಖಲೆಗಳಿಂದ ತಿಳಿದುಬಂದಿತು. ದೊಡ್ಡ ಆಟವೊಂದರ ತಯಾರಿಗೆ ಐದಾರು ವರ್ಷ ಬೇಕಾದರೆ, ಐದು ವರ್ಷದ ಪೀಳಿಗೆಯಲ್ಲಿ ಒಂದು ತಂಡಕ್ಕೆ ಒಂದು ಆಟವನ್ನು ಮುಗಿಸುವುದೂ ಕಷ್ಟ. 2013ರಲ್ಲಿ ಬಂದ ಗ್ರ್ಯಾಂಡ್ ಥೆಫ್ಟ್ ಆಟೊ 5 ಇದಕ್ಕೆ ಪ್ರಸಿದ್ಧ ಉದಾಹರಣೆ. ಅದು ಏಳನೆಯ ಪೀಳಿಗೆಯಲ್ಲಿ ಹುಟ್ಟಿ, 2014ರಲ್ಲಿ ಎಂಟನೆಯದಕ್ಕೂ 2022ರಲ್ಲಿ ಒಂಬತ್ತನೆಯದಕ್ಕೂ ಬಂದಿತು. ಎಂಟನೆಯ ಪೀಳಿಗೆಯಿಡೀ ಕಳೆದರೂ ಅದರ ಮುಂದಿನ ಭಾಗ ಹೊರಬರಲಿಲ್ಲ.

ಅವಸರದ ಬದಲಾವಣೆಯ ಪರಿಣಾಮಗಳು

ಪೀಳಿಗೆಯನ್ನು ಅವಸರದಿಂದ ಬದಲಿಸಿದರೆ ಏನಾಗಬಹುದು ಎಂಬುದಕ್ಕೆ ಸೆಗಾ ಸಂಸ್ಥೆಯ ಇತಿಹಾಸವನ್ನು ನಿದರ್ಶನವಾಗಿ ಕೊಡಲಾಗುತ್ತದೆ. ಮೆಗಾ ಡ್ರೈವ್‌ನ ಶಕ್ತಿಯನ್ನು ಹೆಚ್ಚಿಸುವ 32ಎಕ್ಸ್ ಎಂಬ ಸಾಧನವನ್ನು ಈ ಸಂಸ್ಥೆ 1994ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಮಾರಾಟಕ್ಕಿಟ್ಟಿತು. ಆರೇ ತಿಂಗಳಲ್ಲಿ, 1995ರ ಮೇ ತಿಂಗಳಿನಲ್ಲಿ, ಅಲ್ಲಿಯೇ ಸ್ಯಾಟರ್ನ್ ಎಂಬ ಹೊಸ ಯಂತ್ರವನ್ನು ಬಿಡುಗಡೆ ಮಾಡಿತು. 32ಎಕ್ಸ್ ಕೊಂಡವರ ಹಣ ವ್ಯರ್ಥವಾಯಿತು. ಸ್ಯಾಟರ್ನ್ ಕೂಡ ಅಲ್ಲಿ 1998ರಲ್ಲಿ ನಿಂತಿತು. ಅದೇ ವರ್ಷ ಜಪಾನಿನಲ್ಲಿ ಬಂದ ಡ್ರೀಮ್‌ಕಾಸ್ಟ್ ತಾಂತ್ರಿಕವಾಗಿ ಉತ್ತಮವಾಗಿದ್ದರೂ, ಅದರ ತಯಾರಿಕೆಯನ್ನು ನಿಲ್ಲಿಸುವುದಾಗಿ 2001ರ ಜನವರಿಯಲ್ಲಿ ಸಂಸ್ಥೆ ಪ್ರಕಟಿಸಿತು. ಆ ಬಳಿಕ ಸೆಗಾ ಹೊಸ ಕನ್ಸೋಲ್ ಪೀಳಿಗೆಗೆ ಕೈಹಾಕಲಿಲ್ಲ.

ಮೈಕ್ರೊಸಾಫ್ಟ್ ತನ್ನ ಮೊದಲ ಎಕ್ಸ್‌ಬಾಕ್ಸನ್ನು ನಾಲ್ಕೇ ವರ್ಷಗಳಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಬದಲಿಸಿತು. ಪ್ರತಿಸ್ಪರ್ಧಿಗಳಿಗಿಂತ ಒಂದು ವರ್ಷ ಮೊದಲೇ ಬಂದದ್ದರಿಂದ ಅದಕ್ಕೆ ಮಾರುಕಟ್ಟೆಯಲ್ಲಿ ಮುನ್ನಡೆ ದೊರೆಯಿತು. ಆದರೆ ಆ ಯಂತ್ರಗಳಲ್ಲಿ ವ್ಯಾಪಕವಾಗಿ ಕಂಡುಬಂದ ದೋಷಕ್ಕಾಗಿ 2007ರಲ್ಲಿ ಖಾತರಿ ಅವಧಿಯನ್ನು ವಿಸ್ತರಿಸಿ, 100 ಕೋಟಿ ಡಾಲರ್‌ಗೂ ಹೆಚ್ಚು ಹಣವನ್ನು ತೆಗೆದಿಡಬೇಕಾಯಿತು.

ಭಾರತದಲ್ಲಿ ಪೀಳಿಗೆಗಳು

ಜಪಾನ್ ಮತ್ತು ಅಮೆರಿಕದ ಬಿಡುಗಡೆಗಳನ್ನು ಆಧರಿಸಿದ ಮೇಲಿನ ಕಾಲಾನುಕ್ರಮವನ್ನು ಭಾರತಕ್ಕೆ ಇದ್ದಂತೆಯೇ ಅನ್ವಯಿಸಲಾಗದು. 1990ರ ದಶಕದಲ್ಲಿ ಇಲ್ಲಿನ ಬಹುತೇಕ ಮನೆಗಳು ಕಂಡದ್ದು ಫ್ಯಾಮಿಕಾಮ್ ಮಾದರಿಯ ಯಂತ್ರಗಳನ್ನು. ಸಮುರಾಯ್, ಮೀಡಿಯಾ ಮೊದಲಾದ ಹೆಸರುಗಳಲ್ಲಿ ಇವು ಮಾರಾಟವಾಗುತ್ತಿದ್ದವು. ಜನರು ಇವನ್ನು ‘ಟಿ.ವಿ. ಗೇಮ್’ ಎಂದೂ, ಕಾರ್ಟ್ರಿಜ್‌ಗಳನ್ನು ‘ಕ್ಯಾಸೆಟ್’ ಎಂದೂ ಕರೆದರು. ನೂರಾರು ಆಟಗಳಿವೆ ಎಂದು ಹೇಳಿಕೊಳ್ಳುತ್ತಿದ್ದ ಕ್ಯಾಸೆಟ್‌ಗಳಲ್ಲಿ ಕೆಲವೇ ಆಟಗಳು ಮತ್ತೆಮತ್ತೆ ಬರುತ್ತಿದ್ದವು. ಜಪಾನಿನಲ್ಲಿ ನಾಲ್ಕನೆಯ ಮತ್ತು ಐದನೆಯ ಪೀಳಿಗೆಗಳು ನಡೆಯುತ್ತಿದ್ದಾಗ ಇಲ್ಲಿ ಮೂರನೆಯ ಪೀಳಿಗೆಯ ಪ್ರಾಯವಿತ್ತು.

ಮೆಗಾ ಡ್ರೈವ್ ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬಂದದ್ದು 1995ರ ಏಪ್ರಿಲ್‌ನಲ್ಲಿ, ಶಾ ವ್ಯಾಲೇಸ್ ಸಂಸ್ಥೆಯ ಮೂಲಕ. ಆಗ ವಿದೇಶದಿಂದ ತರಿಸುವ ಇಂಥ ಯಂತ್ರಗಳ ಮೇಲೆ ಶೇ. 80ರಷ್ಟು ಆಮದು ಸುಂಕವಿತ್ತು; ಯಂತ್ರದ ಬೆಲೆ 18,000 ರೂಪಾಯಿ. ಜಪಾನಿನಲ್ಲಿ ಅದು 1988ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಗಿತ್ತು. ಭಾರತಕ್ಕೆ ತಲಪಲು ಆರೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಜಪಾನಿನಲ್ಲಿ ಮುಂದಿನ ಪೀಳಿಗೆಯ ಪ್ಲೇಸ್ಟೇಷನ್ ಬಂದು ನಾಲ್ಕು ತಿಂಗಳಾಗಿತ್ತು.

ಮುಂದಿನ ಪೀಳಿಗೆಗಳಲ್ಲಿ ಈ ವಿಳಂಬ ಕಡಿಮೆಯಾಯಿತು. 2005ರ ನವೆಂಬರ್‌ನ ಎಕ್ಸ್‌ಬಾಕ್ಸ್ 360 ಭಾರತಕ್ಕೆ 2006ರ ಸೆಪ್ಟೆಂಬರ್‌ನಲ್ಲಿ, 2006ರ ನವೆಂಬರ್‌ನ ಪ್ಲೇಸ್ಟೇಷನ್ 3 ಇಲ್ಲಿಗೆ 2007ರ ಏಪ್ರಿಲ್‌ನಲ್ಲಿ, 2013ರ ನವೆಂಬರ್‌ನ ಪ್ಲೇಸ್ಟೇಷನ್ 4 ಇಲ್ಲಿಗೆ 2014ರ ಜನವರಿಯಲ್ಲಿ ಬಂದವು. 2020ರ ನವೆಂಬರ್ 10ರಂದು ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳು ಭಾರತದಲ್ಲಿಯೂ ಅದೇ ದಿನ ಬಿಡುಗಡೆಯಾದವು. ಪ್ಲೇಸ್ಟೇಷನ್ 5 ಬಂದದ್ದು 2021ರ ಫೆಬ್ರುವರಿ 2ರಂದು.

ಆದರೆ ಹೊಸದು ಬೇಗ ಬಂದ ಮಾತ್ರಕ್ಕೆ ಹಳೆಯದು ಹೋಗಲಿಲ್ಲ. ಪ್ಲೇಸ್ಟೇಷನ್ 3 ಮಾರುಕಟ್ಟೆಯಲ್ಲಿದ್ದ ಕಾಲದಲ್ಲಿಯೇ ಭಾರತೀಯ ತಂಡಗಳು ಪ್ಲೇಸ್ಟೇಷನ್ 2ಕ್ಕಾಗಿ ಆಟಗಳನ್ನು ರೂಪಿಸಿದವು. ಹೈದರಾಬಾದಿನಲ್ಲಿ ಸಿದ್ಧವಾದ ಹನುಮಾನ್: ಬಾಯ್ ವಾರಿಯರ್ ಮತ್ತು ಕಬಡ್ಡಿ, ಚಿನ್ನಿದಾಂಡು, ಗಾಳಿಪಟಗಳನ್ನು ಒಳಗೊಂಡ ದೇಸಿ ಅಡ್ಡಾ ಇವೆರಡೂ 2009ರವು. ಡಾನ್ 2 ಚಲನಚಿತ್ರವನ್ನು ಆಧರಿಸಿದ ಪ್ಲೇಸ್ಟೇಷನ್ 2 ಆಟ 2013ರಲ್ಲಿ ಬಂದಿತು. ಅದೇ ವರ್ಷದ ಜನವರಿಯಲ್ಲಿ ಆ ಯಂತ್ರದ ತಯಾರಿಕೆ ನಿಂತ ಸುದ್ದಿ ಹೊರಬಿದ್ದಿತ್ತು. ಭಾರತದ ಮಕ್ಕಳು ತಮ್ಮ ಊರಿನ ಆಟಗಳನ್ನು ಕನ್ಸೋಲ್‌ನಲ್ಲಿ ಕಂಡದ್ದು, ಲೋಕವು ಹಳೆಯದೆಂದು ಬದಿಗಿಟ್ಟ ಪೀಳಿಗೆಯಲ್ಲಿ. ಆ ಪೀಳಿಗೆ ಐದು ವರ್ಷಕ್ಕೆ ಪೂರ್ತಿಯಾಗಿ ಮುಗಿದಿದ್ದರೆ ಈ ಆಟಗಳಿಗೆ ಯಂತ್ರವೇ ಇರುತ್ತಿರಲಿಲ್ಲ.

ಕರ್ನಾಟಕದ ಸಂಬಂಧ

ಕನ್ಸೋಲ್ ಆಟಗಳ ತಯಾರಿಕೆಯಲ್ಲಿ ಬೆಂಗಳೂರಿಗೆ ಮಹತ್ವದ ಸ್ಥಾನವಿದೆ. ರಾಜೇಶ್ ರಾವ್ ಅವರು 1997ರಲ್ಲಿ ಇಲ್ಲಿ ಸ್ಥಾಪಿಸಿದ ಧ್ರುವ ಇಂಟರ್ಯಾಕ್ಟಿವ್ ಭಾರತದ ಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲಿ ಒಂದು. ವಿದೇಶಿ ಸಂಸ್ಥೆಗಳ ದೊಡ್ಡ ಆಟಗಳಿಗೆ ವಾಹನ, ಕಟ್ಟಡ, ಪರಿಸರಗಳ ಚಿತ್ರರಚನೆಯನ್ನು ಇದು ಮಾಡಿಕೊಡುತ್ತಿತ್ತು. ಫೋರ್ಜಾ ಕಾರು ಸ್ಪರ್ಧೆಯ ಸರಣಿ ಅವುಗಳಲ್ಲಿ ಪ್ರಮುಖವಾದುದು. 2019ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೊ ಸರಣಿಯ ನಿರ್ಮಾಪಕರಾದ ರಾಕ್‌ಸ್ಟಾರ್ ಗೇಮ್ಸ್ ಈ ಸಂಸ್ಥೆಯನ್ನು ಕೊಂಡು, ಬೆಂಗಳೂರಿನ ತನ್ನ ಸ್ಟುಡಿಯೊದೊಂದಿಗೆ ಸೇರಿಸಿಕೊಂಡಿತು. ಹೊಸ ಪೀಳಿಗೆ ಬಂದಾಗಲೆಲ್ಲ ಚಿತ್ರಗಳ ವಿವರ ಹೆಚ್ಚಬೇಕಾಗುವುದರಿಂದ ಇಂಥ ಸ್ಟುಡಿಯೊಗಳಿಗೆ ಕೆಲಸ ಹೆಚ್ಚುತ್ತದೆ. ಜೊತೆಗೆ ಕಲಾವಿದರು ಕಲಿತ ಉಪಕರಣಗಳನ್ನು ಬಿಟ್ಟು ಹೊಸದನ್ನು ಕಲಿಯಬೇಕಾಗುತ್ತದೆ. ಅನಿಮೇಷನ್, ದೃಶ್ಯ ಪರಿಣಾಮ ಮತ್ತು ಆಟಗಳ ಕ್ಷೇತ್ರಕ್ಕಾಗಿ ಕರ್ನಾಟಕ ಸರ್ಕಾರವು 2012ರಲ್ಲಿ ಪ್ರತ್ಯೇಕ ನೀತಿಯೊಂದನ್ನು ರೂಪಿಸಿತು.

ಕರ್ನಾಟಕವು ಕನ್ಸೋಲ್ ಆಟವೊಂದರ ಕಥಾಭೂಮಿಯೂ ಆಗಿದೆ. 2017ರ ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್ 4ಕ್ಕಾಗಿ ಬಂದ ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ ಆಟದ ಕಥೆ ಪಶ್ಚಿಮ ಘಟ್ಟಗಳಲ್ಲಿ, ಹೊಯ್ಸಳ ಸಾಮ್ರಾಜ್ಯದ ಅವಶೇಷಗಳ ನಡುವೆ ನಡೆಯುತ್ತದೆ. ಇದರ ಸುಧಾರಿತ ರೂಪ 2022ರ ಜನವರಿಯಲ್ಲಿ ಪ್ಲೇಸ್ಟೇಷನ್ 5ಕ್ಕೆ ಬಂದಿತು. ಪ್ಲೇಸ್ಟೇಷನ್ 4ರ ಬಹುತೇಕ ಎಲ್ಲ ಆಟಗಳೂ ಪ್ಲೇಸ್ಟೇಷನ್ 5ರಲ್ಲಿ ನಡೆಯುವುದರಿಂದ ಮೂಲ ಡಿಸ್ಕ್ ಉಳ್ಳವರಿಗೂ ಅದು ಉಪಯುಕ್ತವಾಗಿಯೇ ಉಳಿದಿದೆ. ಪೀಳಿಗೆ ಬದಲಾದರೂ ಆಟ ಕೈತಪ್ಪದಿರುವುದಕ್ಕೆ ಇದೊಂದು ನಿದರ್ಶನ.

ಅವಧಿ ಎಷ್ಟಿರಬೇಕು ಎಂಬ ಚರ್ಚೆ

ಅಲ್ಪಾವಧಿಯ ಪರವಾಗಿ: ನಾಲ್ಕೈದು ವರ್ಷಕ್ಕೊಮ್ಮೆ ಹೊಸ ಪೀಳಿಗೆ ಬರಬೇಕೆನ್ನುವವರು ವೈಯಕ್ತಿಕ ಕಂಪ್ಯೂಟರುಗಳ ಉದಾಹರಣೆ ನೀಡುತ್ತಾರೆ. ಕಂಪ್ಯೂಟರಿನ ಬಿಡಿಭಾಗಗಳು ವರ್ಷವರ್ಷವೂ ಸುಧಾರಿಸುತ್ತಿದ್ದರೆ ಕನ್ಸೋಲ್ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಹಳೆಯ ಯಂತ್ರಕ್ಕೂ ಹೊಂದುವಂತೆ ಆಟ ರೂಪಿಸಬೇಕಾದಾಗ ನಿರ್ಮಾಪಕರ ಕಲ್ಪನೆಗೆ ಕಡಿವಾಣ ಬೀಳುತ್ತದೆ ಎಂಬುದು ಅವರ ವಾದ.

ದೀರ್ಘಾವಧಿಯ ಪರವಾಗಿ: ಏಳೆಂಟು ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕೆನ್ನುವವರು ಮೂರು ಕಾರಣಗಳನ್ನು ಮುಂದಿಡುತ್ತಾರೆ. ನಿರ್ಮಾಪಕರು ಯಂತ್ರದ ಗುಟ್ಟುಗಳನ್ನು ಅರಿಯಲು ವರ್ಷಗಳು ಬೇಕಾಗುವುದರಿಂದ ಅನೇಕ ಉತ್ತಮ ಆಟಗಳು ಪೀಳಿಗೆಯ ಕೊನೆಗೆ ಬರುತ್ತವೆ ಎಂಬುದು ಮೊದಲನೆಯದು. ಕುಟುಂಬಗಳು ಹೂಡಿದ ಹಣಕ್ಕೆ ಹೆಚ್ಚು ಕಾಲದ ಪ್ರಯೋಜನ ಸಿಗುತ್ತದೆ ಎಂಬುದು ಎರಡನೆಯದು. ಆಟದ ತಯಾರಿಕೆಯ ಕಾಲವೇ ದೀರ್ಘವಾಗಿದೆ ಎಂಬುದು ಮೂರನೆಯದು. ಗಾಡ್ ಆಫ್ ವಾರ್: ರಾಗ್ನರಾಕ್ ಆಟವು ಹೊಸ ಪೀಳಿಗೆ ಆರಂಭವಾಗಿ ಎರಡು ವರ್ಷ ಕಳೆದ ಬಳಿಕ, 2022ರಲ್ಲಿ, ಪ್ಲೇಸ್ಟೇಷನ್ 4 ಮತ್ತು 5 ಎರಡಕ್ಕೂ ಬಂದದ್ದು ಹಳೆಯ ಯಂತ್ರಕ್ಕೆ ಇನ್ನೂ ಶಕ್ತಿ ಉಳಿದಿತ್ತು ಎಂಬುದನ್ನು ತೋರಿಸುತ್ತದೆ.

ಮಧ್ಯಂತರ ಯಂತ್ರಗಳು: ಈ ಎರಡು ವಾದಗಳ ನಡುವಿನ ದಾರಿಯಾಗಿ ತಯಾರಕರು ಪೀಳಿಗೆಯ ನಡುವೆಯೇ ಹೆಚ್ಚು ಶಕ್ತಿಯುಳ್ಳ ಮಾದರಿಗಳನ್ನು ತರುತ್ತಿದ್ದಾರೆ. ಪ್ಲೇಸ್ಟೇಷನ್ 4 ಪ್ರೊ (2016), ಎಕ್ಸ್‌ಬಾಕ್ಸ್ ಒನ್ ಎಕ್ಸ್ (2017), ಪ್ಲೇಸ್ಟೇಷನ್ 5 ಪ್ರೊ (2024) ಈ ಬಗೆಯವು. ಆಟಗಳು ಹಳೆಯ ಮಾದರಿಯಲ್ಲಿಯೂ ನಡೆಯುವುದರಿಂದ ಯಾರೂ ಹೊಸದನ್ನು ಕೊಳ್ಳಲೇಬೇಕಾದ ಒತ್ತಾಯ ಇರುವುದಿಲ್ಲ.

ಬೆಲೆಯ ಪ್ರಶ್ನೆ: ಮೊದಲು ಪೀಳಿಗೆ ಹಳೆಯದಾದಂತೆ ಯಂತ್ರ ಅಗ್ಗವಾಗುತ್ತಿತ್ತು. ಅಮೆರಿಕದಲ್ಲಿ 2000ದಲ್ಲಿ 299 ಡಾಲರ್ ಇದ್ದ ಪ್ಲೇಸ್ಟೇಷನ್ 2ರ ಬೆಲೆ 2009ರಲ್ಲಿ 99 ಡಾಲರ್‌ಗೆ ಇಳಿಯಿತು. ತಡವಾಗಿ ಕೊಳ್ಳುವವರಿಗೂ, ಕಡಿಮೆ ಆದಾಯದ ಕುಟುಂಬಗಳಿಗೂ ದೀರ್ಘ ಪೀಳಿಗೆಯಿಂದ ಆಗುತ್ತಿದ್ದ ದೊಡ್ಡ ಅನುಕೂಲ ಇದೇ ಆಗಿತ್ತು. ಒಂಬತ್ತನೆಯ ಪೀಳಿಗೆಯಲ್ಲಿ ಈ ಕ್ರಮ ತಿರುವುಮುರುವಾಗಿದೆ. ಭಾರತದಲ್ಲಿ 49,990 ರೂಪಾಯಿಗೆ ಬಿಡುಗಡೆಯಾದ ಡಿಸ್ಕ್ ಸಹಿತ ಪ್ಲೇಸ್ಟೇಷನ್ 5ರ ಬೆಲೆಯನ್ನು 2022ರಲ್ಲಿ 54,990 ರೂಪಾಯಿಗೆ ಏರಿಸಲಾಯಿತು. ಹೀಗಾಗಿ ದೀರ್ಘ ಪೀಳಿಗೆಯಿಂದ ಕೊಳ್ಳುವವರಿಗೆ ತಾನಾಗಿಯೇ ಉಳಿತಾಯವಾಗುತ್ತದೆ ಎಂಬ ಹಳೆಯ ನಂಬಿಕೆ ಈಗ ಪೂರ್ತಿಯಾಗಿ ನಿಲ್ಲುವುದಿಲ್ಲ.

ಹಳೆಯ ಆಟಗಳ ಹೊಂದಾಣಿಕೆ ಮತ್ತು ಸಂರಕ್ಷಣೆ

ಪೀಳಿಗೆಯ ಬದಲಾವಣೆಯಿಂದ ಆಗುವ ನಷ್ಟ ಎಷ್ಟು ಎಂಬುದು ವರ್ಷಗಳ ಸಂಖ್ಯೆಗಿಂತ ಹೆಚ್ಚಾಗಿ, ಹಳೆಯ ಆಟಗಳು ಹೊಸ ಯಂತ್ರದಲ್ಲಿ ನಡೆಯುತ್ತವೆಯೇ ಎಂಬುದನ್ನು ಅವಲಂಬಿಸಿದೆ. ಪ್ಲೇಸ್ಟೇಷನ್ 2ರಲ್ಲಿ ಮೊದಲ ಪ್ಲೇಸ್ಟೇಷನ್‌ನ ಆಟಗಳು ನಡೆಯುತ್ತಿದ್ದವು. ಆದರೆ ಪ್ಲೇಸ್ಟೇಷನ್ 4ರಲ್ಲಿ ಪ್ಲೇಸ್ಟೇಷನ್ 3ರ ಡಿಸ್ಕ್‌ಗಳು ನಡೆಯಲಿಲ್ಲ. ಎರಡರ ಪ್ರೊಸೆಸರ್‌ಗಳ ರಚನೆ ಬೇರೆಬೇರೆಯಾಗಿದ್ದುದೇ ಇದಕ್ಕೆ ಮುಖ್ಯ ಕಾರಣ.

ಅಂತರಜಾಲದ ಮೂಲಕ ಕೊಂಡ ಆಟಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ನಿಂಟೆಂಡೊ ತನ್ನ ವೀ ಯು ಮತ್ತು 3ಡಿಎಸ್ ಯಂತ್ರಗಳ ಅಂತರಜಾಲ ಮಳಿಗೆಯಲ್ಲಿ ಖರೀದಿಯನ್ನು 2023ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಎಕ್ಸ್‌ಬಾಕ್ಸ್ 360ರ ಮಳಿಗೆ 2024ರ ಜುಲೈನಲ್ಲಿ ಮುಚ್ಚಿತು. ಪ್ಲೇಸ್ಟೇಷನ್ 3ರ ಮಳಿಗೆಯನ್ನು ಮುಚ್ಚುವುದಾಗಿ 2021ರಲ್ಲಿ ಪ್ರಕಟಿಸಿದ ಸೋನಿ, ಬಳಕೆದಾರರ ವಿರೋಧದ ನಂತರ ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು. 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಈಗ ಮಾರಾಟಕ್ಕೆ ಲಭ್ಯವಿಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್‌ನ 2023ರ ಅಧ್ಯಯನ ತಿಳಿಸಿತು. ಪುಸ್ತಕದ ಮುದ್ರಣ ನಿಂತರೂ ಗ್ರಂಥಾಲಯದ ಪ್ರತಿಯನ್ನು ಓದಬಹುದು. ಯಂತ್ರವಿಲ್ಲದ ಆಟವನ್ನು ಆಡಲಾಗದು.

ವಿದ್ಯುನ್ಮಾನ ತ್ಯಾಜ್ಯ

ಪೀಳಿಗೆ ಬದಲಾದಾಗ ಹಳೆಯ ಯಂತ್ರಗಳಲ್ಲಿ ಕೆಲವು ಕೈಬದಲಾಗಿ ಮತ್ತೆ ಬಳಕೆಯಾಗುತ್ತವೆ, ಉಳಿದವು ತ್ಯಾಜ್ಯವಾಗುತ್ತವೆ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ವಿದ್ಯುನ್ಮಾನ ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022 ವಿಡಿಯೊ ಗೇಮ್ ಸಾಧನಗಳನ್ನೂ ಒಳಗೊಳ್ಳುತ್ತವೆ. ಇವುಗಳ ಪ್ರಕಾರ ಬಳಸಿ ಬಿಟ್ಟ ಸಾಧನಗಳ ಮರುಸಂಸ್ಕರಣೆಯ ಹೊಣೆ ಉತ್ಪಾದಕರ ಮೇಲೂ ಇದೆ. ಬೆಂಗಳೂರಿಗೆ ಸಮೀಪದ ದಾಬಸ್‌ಪೇಟೆಯಲ್ಲಿರುವ ಇ-ಪರಿಸರ ಸಂಸ್ಥೆ ಭಾರತದ ಮೊದಲ ಅಧಿಕೃತ ವಿದ್ಯುನ್ಮಾನ ತ್ಯಾಜ್ಯ ಸಂಸ್ಕರಣಾ ಘಟಕಗಳಲ್ಲಿ ಒಂದು. ಹೊಸಪೇಟೆ, ಸಂಡೂರು, ಕಂಪ್ಲಿಯಂಥ ಪಟ್ಟಣಗಳಲ್ಲಾಗಲಿ, ಬಂಡ್ರಿಯಂಥ ಹಳ್ಳಿಗಳಲ್ಲಾಗಲಿ ಕೆಟ್ಟ ಯಂತ್ರವನ್ನು ಗುಜರಿಗೆ ಹಾಕಿದರೆ, ಅದರಲ್ಲಿನ ತಾಮ್ರಕ್ಕಾಗಿ ತಂತಿಗಳನ್ನು ಸುಡುವ ಸಂಭವವಿರುತ್ತದೆ. ಅದರಿಂದ ವಿಷಕಾರಿ ಹೊಗೆ ಹೊರಬೀಳುತ್ತದೆ. ದುರಸ್ತಿಯಾಗಬಲ್ಲ ಯಂತ್ರವನ್ನು ದುರಸ್ತಿ ಮಾಡಿಸುವುದು, ಆಗದಿದ್ದನ್ನು ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸುವುದು ಸೂಕ್ತ ಕ್ರಮ.

ಯಂತ್ರದ ಆಯುಸ್ಸು ಒಂದು ವರ್ಷ ಹೆಚ್ಚಿದರೂ ಅಷ್ಟರಮಟ್ಟಿಗೆ ಹೊಸ ಯಂತ್ರದ ತಯಾರಿಕೆ ಮತ್ತು ಹಳೆಯದರ ವಿಲೇವಾರಿ ಮುಂದೂಡಲ್ಪಡುತ್ತದೆ. ಆದ್ದರಿಂದ ಪೀಳಿಗೆಯ ಅವಧಿಯ ಚರ್ಚೆಯಲ್ಲಿ ಮುಂದಿನ ಯಂತ್ರ ಯಾವಾಗ ಬರುತ್ತದೆ ಎಂಬ ಪ್ರಶ್ನೆಯ ಜೊತೆಗೆ, ಈಗಿರುವ ಯಂತ್ರಕ್ಕೆ ಬಿಡಿಭಾಗ, ಆಟಗಳು ಮತ್ತು ಅಂತರಜಾಲ ಸೇವೆ ಎಲ್ಲಿಯವರೆಗೆ ದೊರೆಯುತ್ತವೆ ಎಂಬ ಪ್ರಶ್ನೆಯೂ ಸೇರುತ್ತದೆ.

ಇವನ್ನೂ ನೋಡಿ

ವಿಡಿಯೊ ಗೇಮ್
ಪ್ಲೇಸ್ಟೇಷನ್ 2
ನಿಂಟೆಂಡೊ
ವಿದ್ಯುನ್ಮಾನ ತ್ಯಾಜ್ಯ
ಹೊಯ್ಸಳ ಸಾಮ್ರಾಜ್ಯ